ಕಾರಣದ ಕಾಲಂ

ಬೀದರದ ಹತ್ತಿರದ ಕೊಳಾರದ ಗ್ಯಾಸ್ ಟರ್ಬೈನ್ ಪ್ಲಾಂಟಿಗೆ ಕೆಲಸಕ್ಕೆ ಸೇರಿದಾಗ ಶಶಿಕಲಾಗೆ ಇಪ್ಪತ್ತಮೂರು ವರ್ಷ. ಮುಂಜಾನೆಯ ರೈಲಿಗೆ ಭಾಲ್ಕಿಯಿಂದ ಬೀದರಕ್ಕೆ ಬಂದು, ಶೇರ್ ಆಟೋದಲ್ಲಿ ನಾಲ್ಕು ಮಂದಿಯ ನಡುವೆ ಮುದುಡಿ ಕೂತು ಪ್ಲಾಂಟು ಮುಟ್ಟುವ ಹೊತ್ತಿಗೆ ಇಸ್ತ್ರಿ ಮಾಡಿದ ಬಟ್ಟೆ ಹಿಂಡಿ ಒಗೆದಂತೆ ಆಗಿರುತ್ತಿತ್ತು. ಕಾಲೇಜಿನಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿ. ಆದರೆ ಟರ್ಬೈನನ್ನು ಪುಸ್ತಕದ ಚಿತ್ರದಲ್ಲಿ ಬಿಟ್ಟು ಬೇರೆಲ್ಲೂ ಕಂಡವಳಲ್ಲ.

ಅವಳಿಗೆ ಯಂತ್ರದ ಪರಿಚಯ ಮಾಡಿಸಿದವರು ಜಹೀರೋದ್ದೀನ. ಔರಾದ ಕಡೆಯವರು, ಬೀದರದ ಹಳೇ ಊರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು. ಪ್ಲಾಂಟಿಗೆ ಅಡಿಗಲ್ಲು ಹಾಕಿದ ದಿನದಿಂದ ಅಲ್ಲೇ ಇದ್ದ ಆಪರೇಟರ್. ಇಂಜಿನಿಯರುಗಳು ಬಂದರು, ಹೋದರು, ಅವರು ಇದ್ದರು. ಮೊದಲ ವಾರವೇ ಅವಳನ್ನು ಹೊಗೆ ಹೊರಗೆ ಬೀಳುವ ದೊಡ್ಡ ಡಕ್ಟಿನ ಪಕ್ಕಕ್ಕೆ ಹತ್ತಿಸಿ, ಸುತ್ತಲೂ ಚುಚ್ಚಿದ್ದ ಉಷ್ಣಮಾಪಕಗಳ ಓದನ್ನು ಒಂದೊಂದಾಗಿ ಕೈಯಿಂದ ಬರೆಸಿದರು.

"ಇಲ್ಲಿ ಥಂಡ ಕಾಣ್ಲಾಕತ್ತದ ನೋಡು ಬೇಟಿ," ಎಂದರು. "ಅಂದ್ರ ಖರಾಬಿ ಇಲ್ಲೇ ಅದ ಅಂತ ತಿಳ್ಕೋಬ್ಯಾಡ. ಗಾಳಿ ಒಳಗ ಸುತ್ತಿಕೊಂತ ಬರ್ತದ. ಹುಟ್ಟೂದು ಒಂದು ಕಡೆ, ಕಾಣೂದು ಇನ್ನೊಂದು ಕಡೆ."

ಈ ಮಾತು ಅವಳ ಯಾವ ಪುಸ್ತಕದಲ್ಲೂ ಇಷ್ಟು ಸಲೀಸಾಗಿ ಇರಲಿಲ್ಲ. ಅಂದಿನಿಂದ ಅವಳು ಅವರನ್ನು ಚಾಚಾ ಎಂದಳು.

ಹದಿನೇಳು ವರ್ಷ ಕಳೆದವು. ಶಶಿಕಲಾ ಈಗ ಪ್ಲಾಂಟಿನ ಪರೀಕ್ಷಾ ವಿಭಾಗದ ಮುಖ್ಯಸ್ಥೆ. ಎರಡು ಯಂತ್ರಗಳು ಎಷ್ಟು ಗ್ಯಾಸು ತಿಂದು ಎಷ್ಟು ಕರೆಂಟು ಕೊಡುತ್ತವೆ, ಕರೆದಾಗ ಏಳುತ್ತವೋ ಇಲ್ಲವೋ ಎಂದು ವರ್ಷಕ್ಕೊಮ್ಮೆ ಅಳೆದು ವರದಿ ಬರೆಯುವುದು ಅವಳ ಕೆಲಸ. ಬೀದರ ಎತ್ತರದ ಊರು, ಗಾಳಿ ತೆಳು. ಬೇಸಿಗೆಯಲ್ಲಿ ಅದು ಕಾದು ಇನ್ನೂ ತೆಳುವಾಗುತ್ತದೆ, ಯಂತ್ರದ ಕಸುವು ಇಳಿಯುತ್ತದೆ. ಇಳಿದದ್ದರಲ್ಲಿ ಹವೆಯ ಪಾಲೆಷ್ಟು, ಯಂತ್ರದ ಮುಪ್ಪಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಅವಳ ಸಹಿ ಬಿದ್ದ ವರದಿಯನ್ನು ಬೆಂಗಳೂರಿನಿಂದ ಬಂದ ತಜ್ಞರೂ ಎರಡನೇ ಸಲ ತಿರುವಿ ನೋಡುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಸ್ವಲ್ಪ ಹೆಮ್ಮೆಯೂ ಇತ್ತು.

ಆ ಪ್ಲಾಂಟು ದಿನವಿಡೀ ಓಡುವಂಥದ್ದಲ್ಲ. ಗ್ರಿಡ್ಡಿನಲ್ಲಿ ಕರೆಂಟು ಕಮ್ಮಿ ಬಿದ್ದಾಗ ಫೋನು ಬರುತ್ತದೆ. ಬಂದ ಇಪ್ಪತ್ತು ಮಿನಿಟಿನೊಳಗೆ ಯಂತ್ರ ಎದ್ದು ಕರೆಂಟು ಕೊಡಬೇಕು. ಏಳುವುದೇ ಅದರ ನೌಕರಿ. ನೂರು ಸಲ ಕರೆದರೆ ತೊಂಬತ್ತೈದು ಸಲವಾದರೂ ಏಳಬೇಕು ಎಂದು ಕರೆಂಟು ಕೊಳ್ಳುವವರ ಜೊತೆಗಿನ ಕರಾರಿನಲ್ಲಿ ಬರೆದಿತ್ತು. ಆ ವರ್ಷ ಕರಾರು ಮುಗಿಯುವುದಿತ್ತು. ಮುಂದುವರಿಯಬೇಕೋ ಬೇಡವೋ ಎನ್ನುವುದು ಶಶಿಕಲಾಳ ವರದಿಯ ಮೇಲೆ ನಿಂತಿತ್ತು.

ಒಂದನೇ ಯಂತ್ರದ್ದು ತಕರಾರಿರಲಿಲ್ಲ. ಎರಡನೆಯದನ್ನು ವರ್ಷದಲ್ಲಿ ಅರವತ್ತೊಂದು ಸಲ ಕರೆದಿದ್ದರು. ಐದು ಸಲ ಅದು ಹೊತ್ತಿಗೆ ಎದ್ದಿರಲಿಲ್ಲ. ಅರವತ್ತೊಂದರಲ್ಲಿ ಐವತ್ತಾರು ಎಂದರೆ ತೊಂಬತ್ತೆರಡೂ ಮುಟ್ಟುವುದಿಲ್ಲ.

ಐದೂ ಸಲ ಆದದ್ದು ಒಂದೇ ಥರ. ಟರ್ಬೈನಿನ ಹೊಟ್ಟೆಯೊಳಗೆ ಗ್ಯಾಸು ಉರಿಯುವ ಹತ್ತು ಡಬ್ಬಿಗಳು ವರ್ತುಲವಾಗಿ ಇರುತ್ತವೆ. ಕಿಡಿ ಹಾರುವುದು ಎರಡರಲ್ಲಿ ಮಾತ್ರ. ಬೆಂಕಿ ಅಲ್ಲಿಂದ ಸಣ್ಣ ಕೊಳವೆಗಳ ಮೂಲಕ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ದಾಟುತ್ತ ಹೋಗಬೇಕು. ದಾಟದಿದ್ದರೆ ಯಂತ್ರ ತನ್ನಷ್ಟಕ್ಕೆ ಗ್ಯಾಸು ಬಂದ್ ಮಾಡಿಕೊಂಡು ನಿಂತುಬಿಡುತ್ತದೆ. ಆಗ ಐದು ಮಿನಿಟು ಯಂತ್ರವನ್ನು ಬರಿದೇ ತಿರುಗಿಸಿ, ಒಳಗೆ ಉಳಿದ ಗ್ಯಾಸನ್ನು ಗಾಳಿಯಿಂದ ಊದಿ ಹೊರಹಾಕಿ, ಮತ್ತೆ ಹಚ್ಚಬೇಕು. ಪುಸ್ತಕ ಹೇಳುವುದು ಇಷ್ಟು. ಎರಡನೇ ಸಲಕ್ಕೆ ಹತ್ತಿಕೊಂಡು ಇಪ್ಪತ್ತು ಮಿನಿಟಿನೊಳಗೆ ಎದ್ದರೆ ಅದನ್ನೂ ಗೆಲುವೆಂದೇ ಎಣಿಸುತ್ತಾರೆ.

ಐದರಲ್ಲಿ ನಾಲ್ಕು ಸಲ ಪಾಳಿಯಲ್ಲಿದ್ದವರು ಜಹೀರೋದ್ದೀನ. ನಾಲ್ಕೂ ಸಲ ಅವರು ಐದು ಮಿನಿಟಿನ ಬದಲು ಹದಿನೈದು ಮಿನಿಟು ಗಾಳಿ ಊದಿಸಿದ್ದರು. ಯಂತ್ರ ಎರಡನೇ ಸಲಕ್ಕೆ ಎದ್ದಿತ್ತು, ನಿಜ. ಆದರೆ ಇಪ್ಪತ್ತು ಮಿನಿಟು ದಾಟಿಹೋಗಿತ್ತು. ಉಳಿದ ಒಂದು ಸಲ, ಬೇರೆಯವರ ಪಾಳಿಯಲ್ಲಿ, ಅದು ಎರಡನೇ ಸಲಕ್ಕೂ ಹತ್ತಿಕೊಂಡಿರಲಿಲ್ಲ.

ಶಶಿಕಲಾ ಕಂಟ್ರೋಲ್ ರೂಮಿಗೆ ಹೋಗಿ ಕೇಳಿದಳು. "ಚಾಚಾ, ಪುಸ್ತಕದಾಗ ಐದು ಮಿನಿಟ್ ಅಂತ ಅದ. ನೀವು ಹದಿನೈದು ಯಾಕ ಮಾಡೀರಿ?"

"ಆರನೇ ಡಬ್ಬಿಗಿ ಬೆಂಕಿ ತಡಾ ಮುಟ್ಲಾಕತ್ತದ," ಎಂದರು ಅವರು. "ಅಷ್ಟೊತ್ತು ಹಸಿ ಗ್ಯಾಸು ಹಿಂದಿನ ಡಕ್ಟಿಗಿ ಹೋಗಿ ಮೂಲ್ಯಾಗ ಕೂಡ್ತದ. ಐದು ಮಿನಿಟ್‌ದಾಗ ಹೋಗಲ್ಲ ಅದು. ನಾ ಚಿಮಣಿ ಕೆಳಗ ನಿಂತು ನೋಡೀನಿ, ಹತ್ತು ಮಿನಿಟ್ ಆದ್ರೂ ವಾಸನಿ ಹೊಡೀತದ. ಅದರ ಮ್ಯಾಲ ಕಿಡಿ ಹಾಕಂದ್ರ ಹ್ಯಾಂಗ ಹಾಕ್ಲಿ?"

"ಉಷ್ಣಮಾಪಕದಾಗ ಫರಕು ಮಿತಿಯೊಳಗೇ ಅದರಿ."

"ಮಿತಿಯೊಳಗ ಅದ. ಆದ್ರ ಹೋದ ವರ್ಷಕ್ಕಿಂತ ಜಾಸ್ತಿ ಅದ. ಒಮ್ಮಿ ಆರನೇ ಡಬ್ಬಿ ಬಿಚ್ಚಿ ನೋಡಸು ಬೇಟಿ."

ಡಬ್ಬಿ ಬಿಚ್ಚುವುದೆಂದರೆ ಯಂತ್ರ ಹನ್ನೊಂದು ದಿನ ಮಲಗಬೇಕು. ವರದಿಯ ವರ್ಷದಲ್ಲಿ ಹನ್ನೊಂದು ದಿನ ಮಲಗಿದರೆ, ಯಂತ್ರ ಎಷ್ಟು ದಿನ ಕೆಲಸಕ್ಕೆ ಸಿದ್ಧವಿತ್ತು ಎನ್ನುವ ಇನ್ನೊಂದು ಅಂಕಿಯೂ ಕೆಳಗೆ ಬೀಳುತ್ತಿತ್ತು. ಅವಳು ಮ್ಯಾನೇಜರ್ ಅಮಿತಕುಮಾರನ ಹತ್ತಿರ ಹೋದಳು. ಕೆಟ್ಟ ಮನುಷ್ಯನೇನಲ್ಲ ಅವನು. ಪ್ಲಾಂಟಿನ ನೂರಾ ಎಂಬತ್ತು ಮಂದಿಯಲ್ಲಿ ಯಾರ ಮನೆಯಲ್ಲಿ ಯಾರಿಗೆ ಜಡ್ಡು, ಯಾರ ಮಗಳದು ಮದುವೆ ಎಂದು ನೆನಪಿಡುವವನು.

"ಮಳಿಗಾಲದಾಗ ಬಿಚ್ಚೋಣ್ರಿ ಮೇಡಂ," ಎಂದ. "ಕರಾರು ಆಗಲಿ. ಆಮ್ಯಾಲ ಆರನೇದು ಯಾಕ, ಹತ್ತೂ ಬಿಚ್ಚಿ ನೋಡೋಣ."

"ಮತ್ತ ಈ ಐದು ಸ್ಟಾರ್ಟು?"

ಅಮಿತಕುಮಾರ ಕುರ್ಚಿ ಮುಂದೆ ಎಳೆದುಕೊಂಡ. "ನಾ ಸುಳ್ಳು ಬರೀರಿ ಅಂತ ಹೇಳ್ಲಾಕತ್ತಿಲ್ಲ. ಪುಸ್ತಕದಾಗ ಐದು ಮಿನಿಟ್ ಅದ. ಅವರು ಹದಿನೈದು ಮಾಡ್ಯಾರ. ಐದೇ ಮಾಡಿದ್ರ ಯಂತ್ರ ಟೈಮಿಗಿ ಏಳ್ತಿತ್ತು. ಇದು ಖರೆ ಅದೋ ಇಲ್ಲೋ?"

"ಖರೆ ಅದರಿ."

"ಮತ್ತ ಅದನ್ನೇ ಬರೀರಿ. ಮನುಷ್ಯಾರ ತಪ್ಪಿನಿಂದ ಹೋದ ಸ್ಟಾರ್ಟು ಯಂತ್ರದ ತಲಿಗಿ ಕಟ್ಟಬಾರದು ಅಂತ ನಿಯಮದಾಗೇ ಅದಲ್ಲ."

ನಿಯಮದಲ್ಲಿ ಇತ್ತು. ಅವಳಿಗೆ ಅದು ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಎರಡು ದಿನ ಆ ಹಾಳೆಯನ್ನು ಮುಂದಿಟ್ಟುಕೊಂಡು ಕೂತಳು. ಪ್ರತಿ ಸೋತ ಸ್ಟಾರ್ಟಿನ ಮುಂದೆ ಕಾರಣ ಬರೆಯಲು ಒಂದು ಕಾಲಂ ಇತ್ತು, ಎರಡು ಬೆರಳಿನಷ್ಟು ಅಗಲ. ಜಹೀರೋದ್ದೀನ ಹೇಳಿದ್ದೆಲ್ಲ ಅದರಲ್ಲಿ ಹಿಡಿಯುತ್ತಿರಲಿಲ್ಲ. ಷರಾ ಬರೆಯುವ ಜಾಗ ಕೆಳಗೆ ಬೇಕಾದಷ್ಟಿತ್ತು. ಆದರೆ ಅಲ್ಲಿ ಬರೆದರೆ ತಜ್ಞರು ಕೇಳುತ್ತಾರೆ, ಕೇಳಿದರೆ ಡಬ್ಬಿ ಬಿಚ್ಚಬೇಕಾಗುತ್ತದೆ. ಮೂರನೇ ದಿನ ನಾಲ್ಕು ಸಾಲುಗಳ ಮುಂದೆ 'ಆಪರೇಟರ್ ದೋಷ' ಎಂದು ಬರೆದಳು. ಷರಾ ಜಾಗ ಖಾಲಿ ಬಿಟ್ಟಳು. ಹೆಸರು ಬರೆಯಲಿಲ್ಲ, ಪಾಳಿಯ ನಂಬರು ಮಾತ್ರ ಹಾಕಿದಳು. ಅಷ್ಟಕ್ಕೇ ಅವಳ ಮನಸ್ಸು ಹಗುರಾಯಿತು.

ಐವತ್ತೇಳರಲ್ಲಿ ಐವತ್ತಾರು. ತೊಂಬತ್ತೆಂಟಕ್ಕೂ ಮೇಲೆ. ವರದಿ ಪಾಸಾಯಿತು, ಕರಾರು ಮುಂದುವರಿಯಿತು. ಪ್ಲಾಂಟಿನಲ್ಲಿ ಪೇಡೆ ಹಂಚಿದರು.

ಹದಿನೈದು ದಿನಕ್ಕೆ ಮೇಲಿನಿಂದ ಒಂದು ಸಾಲಿನ ಪ್ರಶ್ನೆ ಬಂತು: ತಪ್ಪು ಮಾಡಿದ ಆಪರೇಟರ್ ಮೇಲೆ ಏನು ಕ್ರಮ ತೆಗೆದುಕೊಂಡಿರಿ? ಇಂಥದ್ದೊಂದು ಪ್ರಶ್ನೆ ಬರಬಹುದೆಂದು ಶಶಿಕಲಾ ಯೋಚಿಸಿರಲಿಲ್ಲ. ಯೋಚಿಸಬೇಕಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಅಮಿತಕುಮಾರ ಜಹೀರೋದ್ದೀನರನ್ನು ಕಂಟ್ರೋಲ್ ರೂಮಿನಿಂದ ತೆಗೆದು ಸ್ಟೋರಿಗೆ ಹಾಕಿದ. ನಿವೃತ್ತಿಗೆ ಎಂಟು ತಿಂಗಳಿತ್ತು. ಎರಡನೇ ಯಂತ್ರವನ್ನು ರವಿಕಿರಣನಿಗೆ ಕೊಟ್ಟರು. ಅವನು ಭಾಲ್ಕಿಯವನೇ, ಇನ್ನೂ ಮೂವತ್ತು ತುಂಬಿರಲಿಲ್ಲ. ಶಶಿಕಲಾ ಬರುವ ರೈಲಿಗೇ ಬರುತ್ತಿದ್ದ.

ಆದೇಶ ಬಂದ ಮರುದಿನ ಜಹೀರೋದ್ದೀನ ಅವಳ ಕೋಣೆಗೆ ಬಂದರು. ಕೂಡಲಿಲ್ಲ.

"ನೀ ಬರ್ದಿದ್ದಾ?"

"ಅದು ಬರೀ ವರ್ಗೀಕರಣ ಚಾಚಾ. ಯಂತ್ರದ ಲೆಕ್ಕ ಬ್ಯಾರೆ, ಮನುಷ್ಯಾರದು ಬ್ಯಾರೆ ಮಾಡೋದಕ್ಕ..."

"ನಾ ಯಾಕ ಹದಿನೈದು ಮಿನಿಟ್ ಮಾಡ್ದೆ ಅಂತ ನಿನಗ ಹೇಳಿದ್ದೆ."

"ಹೇಳಿದ್ರಿ."

"ಅದು ಬರ್ದಿ ಏನು?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವರು "ಅಚ್ಛಾ," ಎಂದು ಹೊರಟುಹೋದರು. ಸ್ಟೋರಿನಲ್ಲಿ ಒಂದು ವಾರ ಕೂತು ನಟ್ಟು ಬೋಲ್ಟು ಎಣಿಸಿ, ಎಂಟನೇ ದಿನ ರಾಜೀನಾಮೆ ಕೊಟ್ಟರು. ಅವರು ಕೊನೆಯ ಸಲ ಗೇಟು ದಾಟುವಾಗ ಶಶಿಕಲಾ ತನ್ನ ಕಿಟಕಿಯಲ್ಲೇ ಇದ್ದಳು. ಓಡಿ ಹೋದರೆ ಎರಡು ಮಿನಿಟಿನ ದಾರಿ. ಯಾವುದೋ ಕಾಗದ ಓದುವವಳಂತೆ ತಲೆ ತಗ್ಗಿಸಿದಳು. ಹಳೇ ಊರಿನ ಮನೆ ಖಾಲಿ ಮಾಡಿ ಅವರು ಔರಾದಿಗೆ, ಮಗಳು ನಿಖತಳ ಮನೆಗೆ ಹೋದರೆಂದು ಆಮೇಲೆ ಯಾರೋ ಹೇಳಿದರು.

ಅದಾಗಿ ನಾಲ್ಕು ತಿಂಗಳಿಗೆ, ಏಪ್ರಿಲ್ ಎರಡನೇ ವಾರ, ಬಿಸಿಲು ಏರಿತ್ತು. ಮಧ್ಯಾಹ್ನ ಮೂರೂವರೆಗೆ ಫೋನು ಬಂತು: ಎರಡೂ ಯಂತ್ರ ಹಚ್ಚಿರಿ. ಒಂದನೆಯದು ಎದ್ದಿತು. ಎರಡನೆಯದು ತಿರುಗಿ, ಕೆಮ್ಮಿದಂತೆ ಮಾಡಿ ನಿಂತಿತು. ರವಿಕಿರಣ ಐದು ಮಿನಿಟು ಗಾಳಿ ಊದಿಸಿದ. ಗಡಿಯಾರ ನೋಡಿ ಐದು ಮುಗಿದ ಮೇಲೆ ಮತ್ತೆ ಹಚ್ಚಲು ಆಜ್ಞೆ ಕೊಟ್ಟು, ಕಿಡಿ ಸರಿಯಾಗಿ ಬೀಳುತ್ತದೋ ಇಲ್ಲವೋ ಎಂಬ ಚಿಂತೆಗೆ ಯಂತ್ರದ ಪಕ್ಕದ ಪ್ಯಾನಲಿನ ಹತ್ತಿರ ಹೋಗಿ ನಿಂತ.

ಶಶಿಕಲಾಗೆ ಕೇಳಿಸಿದ್ದು ಒಂದೇ ಸದ್ದು. ದೊಡ್ಡ ತಗಡಿನ ಕೋಣೆಯನ್ನು ಮೇಲಿನಿಂದ ಎತ್ತಿ ಒಗೆದಂತೆ. ಅವಳ ಮೇಜಿನ ಮೇಲಿನ ನೀರಿನ ಲೋಟ ಉರುಳಿತು. ಹೊರಗೆ ಬಂದು ನೋಡಿದರೆ ಹಿಂದಿನ ಡಕ್ಟಿನ ಒಂದು ಮಗ್ಗುಲು ಹರಿದು ಬಾಯಿ ಬಿಟ್ಟಿತ್ತು, ಒಳಗಿನ ಹತ್ತಿಯಂಥ ಹೊದಿಕೆ ಅಂಗಳದ ತುಂಬ ಹಾರಾಡುತ್ತಿತ್ತು. ನಾಲ್ಕು ಮಂದಿ ರವಿಕಿರಣನನ್ನು ಎತ್ತಿಕೊಂಡು ಓಡುತ್ತಿದ್ದರು. ಅವನ ಬಲಗೈಯ ಅಂಗಿ ಇರಲಿಲ್ಲ.

ಜೀವ ಉಳಿಯಿತು. ಬಲಗೈ, ಕುತ್ತಿಗೆ ಸುಟ್ಟಿದ್ದವು. ಬಲಗಿವಿ ಹೋಯಿತು, ಅದು ಬರುವುದಿಲ್ಲ ಎಂದರು ಡಾಕ್ಟರು.

ಯಂತ್ರವನ್ನು ಈಗ ಬಿಚ್ಚಲೇಬೇಕಾಯಿತು. ಆರನೇ ಡಬ್ಬಿಗೆ ಬೆಂಕಿ ದಾಟಿಸುವ ಕೊಳವೆ ಬೆರಳು ತೂರುವಷ್ಟು ಸೀಳಿತ್ತು. ಸೀಳಿನ ಅಂಚು ಹೊಸದಲ್ಲ, ಎಷ್ಟೋ ತಿಂಗಳು ಕಾದು ಕಾದು ಕಪ್ಪಾಗಿತ್ತು. ಶಶಿಕಲಾ ಅದರ ಫೋಟೋ ತೆಗೆದಳು.

ಅವಳು ಹೊಸ ವರದಿ ಬರೆದಳು. ಐದೂ ಸೋಲುಗಳನ್ನು ಯಂತ್ರದ ಲೆಕ್ಕಕ್ಕೆ ತಂದಳು. ಆಪರೇಟರ್ ಮೊದಲೇ ಎಚ್ಚರಿಸಿದ್ದರು, ನಾನು ಅದನ್ನು ದಾಖಲಿಸಲಿಲ್ಲ, ಹಳೆಯ ವರದಿಯಲ್ಲಿ ನಾನು ಬರೆದ ಕಾರಣ ತಪ್ಪು ಎಂದು ಕೊನೆಗೆ ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿದಳು. ಅಮಿತಕುಮಾರ ಓದಿ ನೋಡಿದ. "ಇದು ಹೋದ್ರ ನಿಮ್ಮನ್ನ ಈ ಕುರ್ಚಿ ಮ್ಯಾಲ ಇಡಲ್ರಿ," ಎಂದ. "ಗೊತ್ತದರಿ," ಎಂದಳು. ಅವನು ತಡೆಯಲಿಲ್ಲ. ತಿಂಗಳೊಳಗೆ ಅವಳನ್ನು ಪರೀಕ್ಷಾ ವಿಭಾಗದಿಂದ ತೆಗೆದು ನೀರು ಶುದ್ಧ ಮಾಡುವ ಘಟಕಕ್ಕೆ ಹಾಕಿದರು. ಎರಡನೇ ಯಂತ್ರ ಕರಾರಿನಿಂದ ಹೊರಬಿತ್ತು. ಅಮಿತಕುಮಾರನನ್ನು ಬೇರೆ ರಾಜ್ಯಕ್ಕೆ ವರ್ಗ ಮಾಡಿದರು. ಹೋಗುವಾಗ ಅವನು ಎಲ್ಲರಿಗೂ ಕೈಮುಗಿದ, ಅವಳಿಗೂ.

ಜೂನ್ ಮೊದಲ ರವಿವಾರ ಶಶಿಕಲಾ ಆ ಹಾಳೆಯ ಪ್ರತಿಯೊಂದನ್ನು ಚೀಲದಲ್ಲಿಟ್ಟುಕೊಂಡು ಔರಾದಿಗೆ ಹೊರಟಳು. ಭಾಲ್ಕಿಯಿಂದ ಕಮಲನಗರದವರೆಗೆ ರೈಲು, ಅಲ್ಲಿಂದ ಜೀಪು. ಬಿತ್ತುವ ಹಂಗಾಮು. ಜೀಪಿನ ಮೇಲೆ ಸೋಯಾ ಬೀಜದ ಚೀಲ, ಒಳಗೆ ಮರಾಠಿಯಲ್ಲಿ ಮಳೆಯ ಮಾತು. ಏನು ಹೇಳಬೇಕೆಂದು ಅವಳು ದಾರಿಯುದ್ದಕ್ಕೂ ಸಾಲು ಹೊಂದಿಸಿಕೊಂಡಳು. ಔರಾದ ಬಂದಾಗ ಒಂದು ಸಾಲೂ ನೆನಪಿರಲಿಲ್ಲ.

ಬಾಗಿಲು ತೆಗೆದವಳು ನಿಖತ. ಉರ್ದು ಸಾಲೆಯ ಟೀಚರ್, ಮೂವತ್ತೈದರ ಹೆಂಗಸು. ಹೆಸರು ಕೇಳಿ ಹೊಸ್ತಿಲಲ್ಲೇ ನಿಂತಳು. ಒಳಗೆ ಕರೆಯಲೋ ಬೇಡವೋ ಎಂದು ಅವಳು ಯೋಚಿಸುವಷ್ಟರಲ್ಲಿ ಹಿಂದಿನಿಂದ ದನಿ ಬಂತು. "ಕೌನ್ ಹೈ? ಯಾರು ಬಂದಾರ?"

ಜಹೀರೋದ್ದೀನ ಮಂಚದ ಮೇಲೆ ಕೂತು ಮೊಮ್ಮಗಳ ಸೈಕಲ್ಲಿನ ಚೈನು ಸರಿ ಮಾಡುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅವಳನ್ನು ನೋಡಿ ಎಣ್ಣೆಗೈ ಒರೆಸಿಕೊಂಡರು. ಮೊದಲು ಕೇಳಿದ್ದು ಇಷ್ಟೇ:

"ರವಿಕಿರಣ ಹ್ಯಾಂಗ ಇದ್ದಾನ?"

ಹೇಳಿದಳು. ಕೈಯದು ಹೇಳಿದಳು, ಕಿವಿಯದು ಹೇಳಿದಳು. ಆಮೇಲೆ ಚೀಲದಿಂದ ಹಾಳೆ ತೆಗೆದು ಕೊಟ್ಟಳು. ಅವರು ಕನ್ನಡಕ ಹುಡುಕುವುದರೊಳಗೆ ನಿಖತ ಅದನ್ನು ತೆಗೆದುಕೊಂಡು ನಿಂತಲ್ಲೇ ಓದಿದಳು.

"ಈಗ ತಂದೀರಿ?" ಎಂದಳು. "ಬೀದರದಾಗ ನಮ್ಮ ಕಾಕಾನ ಮಗಳ ಶಾದಿಗಿ ಅಬ್ಬಾ ಹೋಗಲಿಲ್ಲ, ಗೊತ್ತದ ಏನ್ರಿ? ಯಾರರೇ ಕೇಳಿದ್ರ ಏನ್ ಹೇಳ್ಲಿ ಅಂತ ಮನ್ಯಾಗೇ ಕೂತರು. ಇಪ್ಪತ್ತೆಂಟು ವರ್ಷ ಕೆಲಸ ಮಾಡಿ ತಪ್ಪು ಮಾಡಿದಾವ ಅನ್ನಿಸ್ಕೊಂಡು ಬಂದ್ರು. ಅವತ್ತೇ ಬರೀಲಿಕ್ಕಿ ಏನಾಗಿತ್ತು ನಿಮಗ?"

"ಅವತ್ತೇ ಬರೀಬೇಕಿತ್ರಿ," ಎಂದಳು ಶಶಿಕಲಾ.

ಜಹೀರೋದ್ದೀನ ಹಾಳೆಯನ್ನು ಮಗಳ ಕೈಯಿಂದ ತೆಗೆದುಕೊಂಡು ನಿಧಾನವಾಗಿ ಓದಿದರು. "ಯಂತ್ರದ ದೋಷ ಅಂತ ಬರ್ದಿ," ಎಂದರು.

"ಹೌದು ಚಾಚಾ. ನಿಮ್ಮ ಮ್ಯಾಲಿಂದು ತೆಗೆದೀನಿ."

"ಮೊದಲಿನ ಐದಕ್ಕ ಅದು ಖರೆ." ಹಾಳೆ ಮಡಚಿದರು. "ಏಪ್ರಿಲ್‌ದು ಅದಲ್ಲ, ಅದು ಪೂರಾ ಯಂತ್ರದ್ದಲ್ಲ."

ನಿಖತ ತಂದೆಯನ್ನು ನೋಡಿದಳು. ಅವರು ನೆಲ ನೋಡುತ್ತ ಹೇಳಿದರು. "ಸ್ಟೋರಿನ್ಯಾಗ ಇದ್ದಾಗ ಆ ಹುಡುಗ ನನ್ನ ಹತ್ತಿರ ಬಂದಿದ್ದ. ಚಾಚಾ, ಎರಡನೇದು ಒಮ್ಮಿಗಿ ಹತ್ತಲಿಲ್ಲಂದ್ರ ನೀವು ಹ್ಯಾಂಗ ಮಾಡ್ತಿದ್ರಿ, ಹೇಳ್ರಿ ಅಂದ. ನನ್ನ ತಲಿ ಕೆಟ್ಟಿತ್ತು. ಪುಸ್ತಕದಾಗ ಅದಲ್ಲ, ಓದ್ಕೋ ಹೋಗು ಅಂದೆ. ಗ್ಯಾಸು ಕೂಡ್ತದ ಅಂತ ನನಗ ಗೊತ್ತಿತ್ತು ಬೇಟಿ. ಗೊತ್ತಿದ್ದೂ ಅಂದೆ. ಅವಗ ಏನರೇ ಆಗಲಿ ಅಂತ ಅಲ್ಲ, ಅಲ್ಲಾನ ಆಣೆ. ನಾ ಇಲ್ಲದ ಆ ಯಂತ್ರ ಅವರನ್ನ ಒಂದೆರಡು ಸಲ ಸತಾಯಿಸಲಿ, ಆಗ ನನ್ನ ನೆನಪು ಬರ್ತದ ಅಂತ."

ಮಗಳಿಗೂ ಇದು ಹೊಸ ಸುದ್ದಿ ಎನ್ನುವುದು ಅವಳ ಮುಖದಲ್ಲಿ ಕಂಡಿತು. ಅವಳು ಒಳಗೆ ಹೋಗಿ ಚಹಾ ತಂದಳು, ಶಶಿಕಲಾಗೂ ಒಂದು ಕಪ್ಪು ಇಟ್ಟಳು.

"ಅವನ ಮನಿ ಭಾಲ್ಕಿಯಾಗ ಎಲ್ಲಿ?" ಎಂದು ಜಹೀರೋದ್ದೀನ ಕೇಳಿದರು.

"ಸ್ಟೇಷನ್ ಹಿಂದ."

"ಇವತ್ತೇ ಹೋಗೋಣ. ನಾಳೆ ಅಂದ್ರ ನನಗ ಧೈರ್ಯ ಆಗಲ್ಲ."

ನಿಖತ ಬರಲಿಲ್ಲ. ಇಬ್ಬರೂ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಭಾಲ್ಕಿಗೆ ಬಂದರು. ದಾರಿಯಲ್ಲಿ ಮಾತು ಹೆಚ್ಚೇನೂ ಆಗಲಿಲ್ಲ. ಒಂದನೇ ಯಂತ್ರ ಹೇಗೆ ನಡೆದಿದೆ ಎಂದು ಅವರು ಒಮ್ಮೆ ಕೇಳಿದರು. ಛಲೋ ಅದ ಎಂದಳು.

ರವಿಕಿರಣ ಪಡಸಾಲೆಯಲ್ಲಿ ಕೂತಿದ್ದ. ಬಲಗೈಗೆ ಬಿಗಿಯಾದ ಪಟ್ಟಿ, ಕುತ್ತಿಗೆಯ ಚರ್ಮ ಕೆಂಪಾಗಿ ಸುಕ್ಕುಗಟ್ಟಿತ್ತು. ಅವನ ಹೆಂಡತಿ ಎರಡು ಕುರ್ಚಿ ಹಾಕಿ ಒಳಗೆ ಹೋದಳು. ಜಹೀರೋದ್ದೀನ ಅವನ ಬಲಕ್ಕೆ ಕೂತು ಮಾತು ಶುರು ಮಾಡಿದರು. ರವಿಕಿರಣ ಮುಖ ತಿರುಗಿಸಿದ. ಆಗ ಗೊತ್ತಾಗಿ, ಎದ್ದು ಎಡಕ್ಕೆ ಬಂದು ಕೂತು, ಔರಾದಿನಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಹೇಳಿದರು. ಒಂದು ಮಾತೂ ಬಿಡಲಿಲ್ಲ. ಕೊನೆಗೆ, "ನೀ ಬೈದ್ರೂ ನಾ ಕೇಳ್ಲಿಕ್ಕೇ ಬಂದೀನಿ," ಎಂದರು.

ರವಿಕಿರಣ ಹೇಳಿದ. "ನೀವು ಓದ್ಕೋ ಅಂದ್ರಿ, ನಾ ಓದ್ದೆ ಚಾಚಾ. ಪುಸ್ತಕದಾಗ ಐದು ಮಿನಿಟ್ ಅಂತ ಇತ್ತು. ಆದ್ರೂ ನನಗ ಅನುಮಾನ ಇತ್ತು. ಇಷ್ಟು ವರ್ಷದ ಮನುಷ್ಯಾ ಸುಮ್ಮ ಹದಿನೈದು ಮಿನಿಟ್ ಮಾಡಲ್ಲ ಅಂತ. ಆಮ್ಯಾಲ ಆಫೀಸಿನವರು ಒಂದು ಕಾಗದ ಕೊಟ್ರು, ಮೇಡಂ ಬರ್ದ ವರದಿಯ ಆ ಪುಟ. ಹದಿನೈದು ಮಿನಿಟ್ ಮಾಡಿದ ನಾಲ್ಕೂ ಸಾಲಿನ ಮುಂದ ಆಪರೇಟರ್ ದೋಷ ಅಂತ ಅದ್ರಾಗ ಇತ್ತು. ಕಂಟ್ರೋಲ್ ರೂಮಿನ ಗ್ವಾಡಿಗಿ ಹಚ್ಚಿದ್ರು ಅದನ್ನ. ಮೇಡಂ ಬರ್ದಾರಂದ್ರ ಸರಿಯೇ ಇರ್ತದ ಅಂತ ಅನುಮಾನ ಬಿಟ್ಟೆ."

ಸಿಟ್ಟಿಲ್ಲದೆ ಹೇಳಿದ. ಏನಾಯಿತೆಂದು ಕೇಳಿದವರಿಗೆ ಹೇಳುವಂತೆ ಹೇಳಿದ.

ಗೋಡೆಗೆ ಹಚ್ಚಿದ ಕಾಗದದ ಸಂಗತಿ ಶಶಿಕಲಾಗೆ ಗೊತ್ತಿರಲಿಲ್ಲ. ಆ ನಾಲ್ಕು ತಿಂಗಳು ಅವಳು ಕಂಟ್ರೋಲ್ ರೂಮಿನ ಕಡೆ ಕಾಲೇ ಹಾಕಿರಲಿಲ್ಲ; ಜಹೀರೋದ್ದೀನರ ಖಾಲಿ ಕುರ್ಚಿ ನೋಡಲಾರದೆ ಎಲ್ಲ ಅಂಕಿಗಳನ್ನೂ ಕಂಪ್ಯೂಟರಿನಲ್ಲೇ ತರಿಸಿಕೊಂಡಿದ್ದಳು. ಹೋಗಿದ್ದರೆ ನೋಡುತ್ತಿದ್ದಳು. ನೋಡಿದ್ದರೆ ಹರಿದು ಹಾಕುತ್ತಿದ್ದಳೋ ಏನೋ. ಹಾಕುತ್ತಿದ್ದೆ ಎಂದು ಎದೆ ಮುಟ್ಟಿ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ.

"ತಪ್ಪಾಯ್ತು ರವಿಕಿರಣ," ಎಂದಳು.

"ಹೂಂ ಮೇಡಂ," ಎಂದ ಅವನು. ಹೆಂಡತಿಯನ್ನು ಕೂಗಿ ನೀರು ತರಲು ಹೇಳಿದ.

ಶಶಿಕಲಾ ಒಂದು ಕೆಲಸ ಮಾಡಿದಳು. ಪುಸ್ತಕದ ಐದು ಮಿನಿಟಿನ ಸಾಲನ್ನು ಬದಲಿಸಬೇಕೆಂದು, ಡಕ್ಟಿನ ಅಳತೆ, ಗಾಳಿಯ ವೇಗ, ಗ್ಯಾಸು ಹೊರಬೀಳಲು ನಿಜವಾಗಿ ಹಿಡಿಯುವ ಹೊತ್ತು ಎಲ್ಲ ಹಚ್ಚಿ ಒಂದು ಟಿಪ್ಪಣಿ ಬರೆದಳು. ಅವಳ ವಿಭಾಗದ ಕೆಲಸವಲ್ಲದಿದ್ದರೂ ಬರೆದಳು. ಲೆಕ್ಕ ಹನ್ನೆರಡು ಮಿನಿಟಿಗೆ ಬಂತು. ಜಹೀರೋದ್ದೀನ ಅದನ್ನು ಮೂಗಿನಿಂದಲೇ ಕಂಡುಕೊಂಡು, ಲೆಕ್ಕಕ್ಕಿಂತ ಮೂರು ಮಿನಿಟು ಮಾತ್ರ ಹೆಚ್ಚಿಗೆ ಇಟ್ಟುಕೊಂಡಿದ್ದರು. ಈ ಲೆಕ್ಕವನ್ನು ಮೊದಲೇ ಮಾಡಬಹುದಿತ್ತು. ಒಂದು ಮಧ್ಯಾಹ್ನದ ಕೆಲಸ. ಆಗಸ್ಟಿನಲ್ಲಿ ಪುಸ್ತಕದ ಆ ಪುಟ ಬದಲಾಯಿತು; ಒಂದನೇ ಯಂತ್ರ ಈಗ ಅದರಂತೆಯೇ ನಡೆಯುತ್ತದೆ. ಎರಡನೆಯದು ಮತ್ತೆ ಏಳಲಿಲ್ಲ. ಅದರ ಬಿಡಿಭಾಗಗಳನ್ನು ಒಂದೊಂದಾಗಿ ಬಿಚ್ಚಿ ಒಂದನೆಯದಕ್ಕೆ ಹಾಕುತ್ತಿದ್ದಾರೆ.

ಜಹೀರೋದ್ದೀನ ಆಮೇಲೂ ಎರಡು ಮೂರು ಸಲ ಭಾಲ್ಕಿಗೆ ಬಂದು ಹೋದರೆಂದು ಅವಳಿಗೆ ಫೋನಿನಲ್ಲಿ ಹೇಳಿದ್ದು ನಿಖತ. ರವಿಕಿರಣನ ಹತ್ತಿರ ಕೂತು ಹಳೆಯ ಸಂಗತಿ ಮಾತಾಡಿ ಹೋಗುತ್ತಾರಂತೆ. ಭಾಲ್ಕಿಯಲ್ಲೇ ಇದ್ದ ಶಶಿಕಲಾಳ ಮನೆಗೆ ಅವರು ಬರಲಿಲ್ಲ. ಅವಳೂ ಕರೆಯಲಿಲ್ಲ. ಈದಿಗೆ ಫೋನು ಮಾಡಿದಾಗ ಚೆನ್ನಾಗಿಯೇ ಮಾತಾಡಿದರು, ಊಟ ಆಯಿತೇ ಎಂದು ಕೇಳಿದರು. ಬೇಟಿ ಎನ್ನಲಿಲ್ಲ, ಮೇಡಂ ಎಂದರು.

ನವೆಂಬರಿನಲ್ಲಿ ರವಿಕಿರಣ ಕೆಲಸಕ್ಕೆ ಮರಳಿದ. ಯಂತ್ರದ ಹತ್ತಿರ ಬಿಡುವುದಿಲ್ಲ, ಆಫೀಸಿನಲ್ಲಿ ಕೂಡಿಸಿದ್ದಾರೆ. ಮುಂಜಾನೆಯ ಅದೇ ರೈಲು, ಅದೇ ಡಬ್ಬಿ. ಅವಳನ್ನು ಕಂಡರೆ ತಲೆಯಾಡಿಸಿ ನಗುತ್ತಾನೆ, ಜಾಗವಿದ್ದರೆ ಸರಿದು ಕೊಡುತ್ತಾನೆ. ಅವಳು ಅವನ ಕೇಳದ ಬಲಗಿವಿಯ ಕಡೆಗೆ ಬರುವ ಹಾಗೆ ಕಿಟಕಿಯ ಕಡೆ ಎಡಗಿವಿ ಮಾಡಿ ಕೂಡುತ್ತಾನೆ. ಗಾಳಿಗೆಂದು ಕೂಡುತ್ತಾನೋ ಬೇಕಂತಲೇ ಕೂಡುತ್ತಾನೋ ಅವಳಿಗೆ ತಿಳಿಯದು. ಭಾಲ್ಕಿಯಿಂದ ಬೀದರದವರೆಗೆ ಅವಳು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಾಳೆ.